ಬ್ರೌಸರ್ ಮೆಮೊರಿ ಉಬ್ಬುತ್ತಿದೆ, ತಪ್ಪು ಎಚ್‌ಟಿಟಿಪಿಎಸ್‌ನದೇ?

ಪ್ರಶ್ನೆ: ನಮ್ಮ ಸರ್ವರ್‌ಗಳ ಸ್ಥಿತಿ ತೋರಿಸುವ ಡ್ಯಾಶ್‌ಬೋರ್ಡ್ ಪುಟವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಅದು ಎರಡು ಸೆಕೆಂಡಿಗೊಮ್ಮೆ ಎಚ್‌ಟಿಟಿಪಿಎಸ್ ಮೂಲಕ ಸುಮಾರು 100 ಕೆಬಿ ಜೇಸನ್ ಡೇಟಾ ತರಿಸಿಕೊಳ್ಳುತ್ತದೆ. ಆ ಕಡೆ ಇರುವುದು ಎಂಜಿನ್‌ಎಕ್ಸ್ ಸರ್ವರ್. ರಾತ್ರಿ 8ಕ್ಕೆ 600 ಎಂಬಿ ಇದ್ದ ಬ್ರೌಸರ್ ಬೆಳಿಗ್ಗೆ 8ಕ್ಕೆ 3 ಜಿಬಿ ಆಗಿರುತ್ತದೆ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಪ್ಯಾನಲ್ ರಾತ್ರಿಯಿಡೀ ತೆರೆದಿಟ್ಟು ನೋಡಿದೆ, ಎಲ್ಲ ರಿಕ್ವೆಸ್ಟ್‌ಗಳೂ ಸರಿಯಾಗಿ ಮುಗಿದಿವೆ. ಅದೇ ಪುಟವನ್ನು ಇನ್ನೊಂದು ಯಂತ್ರದಿಂದ, ಚಿಕ್ಕ ಮಾದರಿ ಡೇಟಾ ಇಟ್ಟು, ಬರಿಯ ಎಚ್‌ಟಿಟಿಪಿಯಲ್ಲಿ ಒಂದು ಗಂಟೆ ಓಡಿಸಿದಾಗ ಮೆಮೊರಿ ಏರಲಿಲ್ಲ. ಹಾಗಾದರೆ ಎಚ್‌ಟಿಟಿಪಿಎಸ್‌ನ ಗೂಢಲಿಪಿ ಕೆಲಸ ಮಾಡುವ, ಬ್ರೌಸರ್‌ನ ಟಿಎಲ್‌ಎಸ್ ಲೈಬ್ರರಿಯಲ್ಲೇ ಲೀಕ್ ಇದೆಯೇ? "ಒಳಗಿನ ನೆಟ್‌ವರ್ಕ್ ತಾನೇ, ಸರ್ಟಿಫಿಕೇಟ್ ಪರಿಶೀಲನೆ ಆಫ್ ಮಾಡು, ಇಲ್ಲವೇ ಎಚ್‌ಟಿಟಿಪಿಗೇ ಬದಲಾಯಿಸು" ಎನ್ನುತ್ತಾರೆ ಸಹೋದ್ಯೋಗಿ. ಇನ್ನೊಬ್ಬರು ಹಾರ್ಟ್‌ಬ್ಲೀಡ್ ಹೆಸರೆತ್ತಿದ್ದಾರೆ. ನಮ್ಮ ಪಾಸ್‌ವರ್ಡ್‌ಗಳು ಹೊರಗೆ ಹೋಗುತ್ತಿವೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಆತಂಕದ್ದು, ಅದನ್ನು ಮೊದಲು ಮುಗಿಸೋಣ. ನೀವು ವಿವರಿಸಿದ ಲಕ್ಷಣದಿಂದ ಪಾಸ್‌ವರ್ಡ್ ಹೊರಗೆ ಹೋಗುವುದಿಲ್ಲ. ಮೆಮೊರಿ ಲೀಕ್ ಎಂದರೆ ಪ್ರೋಗ್ರಾಮ್ ತೆಗೆದುಕೊಂಡ ಜಾಗವನ್ನು ಕೆಲಸ ಮುಗಿದ ಮೇಲೂ ಹಿಂತಿರುಗಿಸದೆ ಇರುವುದು. ಆ ಜಾಗ ನಿಮ್ಮ ಯಂತ್ರದೊಳಗೇ ಇರುತ್ತದೆ, ಯಾರ ಕೈಗೂ ಸಿಗುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಬೇರೆಯದೇ ಜಾತಿಯ ದೋಷ. ಓಪನ್‌ಎಸ್‌ಎಸ್‌ಎಲ್ ಎಂಬ ಟಿಎಲ್‌ಎಸ್ ಲೈಬ್ರರಿಯ 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿ, ಎದುರಿನವರು ಉದ್ದದ ಬಗ್ಗೆ ಸುಳ್ಳು ಹೇಳಿ ಕೇಳಿದರೆ, ಒಂದು ಸಲಕ್ಕೆ 64 ಕೆಬಿವರೆಗೆ ಪಕ್ಕದ ಮೆಮೊರಿಯ ಪ್ರತಿ ಅವರಿಗೆ ಹೋಗುತ್ತಿತ್ತು. 1.0.1ಜಿ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಅಲ್ಲಿ ಮೆಮೊರಿ ಬಳಕೆ ಏರುತ್ತಲೇ ಇರಲಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿ ಅದನ್ನು ಪತ್ತೆ ಹಚ್ಚುವುದು ಸಾಧ್ಯವೇ ಇರಲಿಲ್ಲ. ನಿಮ್ಮದು ಅದರ ತದ್ವಿರುದ್ಧ: ಬಳಕೆ ಏರುತ್ತಿದೆ, ಗುಟ್ಟು ಗುಟ್ಟಾಗಿಯೇ ಇದೆ.

ಈಗ ಮುಖ್ಯ ಪ್ರಶ್ನೆ. ಟಿಎಲ್‌ಎಸ್ ಮೇಲೆ ನಿಮಗೆ ಬಂದಿರುವ ಅನುಮಾನ ಸಹಜ, ಆದರೆ ನೀವೇ ಕೊಟ್ಟಿರುವ ಅಂಕಿಗಳು ಅದನ್ನು ಒಪ್ಪುತ್ತಿಲ್ಲ. ಲೆಕ್ಕ ಹಾಕಿ ನೋಡೋಣ.

ಎರಡು ಸೆಕೆಂಡಿಗೊಂದರಂತೆ 12 ಗಂಟೆಗೆ 21,600 ರಿಕ್ವೆಸ್ಟ್. ಏರಿದ ಮೆಮೊರಿ ಸುಮಾರು 2.4 ಜಿಬಿ. ಭಾಗಿಸಿದರೆ ಒಂದು ರಿಕ್ವೆಸ್ಟ್‌ಗೆ ಸುಮಾರು 116 ಕೆಬಿ ಉಳಿದುಹೋಗುತ್ತಿದೆ. ಒಂದು ಟಿಎಲ್‌ಎಸ್ ಸಂಪರ್ಕ ಎಷ್ಟು ಮೆಮೊರಿ ತಿನ್ನುತ್ತದೆ? ಟಿಎಲ್‌ಎಸ್ ರೆಕಾರ್ಡ್ ಒಂದರಲ್ಲಿ ಹಿಡಿಸುವ ಡೇಟಾದ ಗರಿಷ್ಠ ಗಾತ್ರ 16 ಕೆಬಿ. ಓದಲು ಒಂದು, ಬರೆಯಲು ಒಂದು ಬಫರ್ ಎಂದರೂ 32 ಕೆಬಿ ಚಿಲ್ಲರೆ. ಸುಮ್ಮನೆ ಕೂತ ಸಂಪರ್ಕದ ಬಫರ್‌ಗಳನ್ನು ಬಿಟ್ಟುಕೊಟ್ಟರೆ ತಲಾ ಸುಮಾರು 34 ಕೆಬಿ ಉಳಿತಾಯವಾಗುತ್ತದೆ ಎಂದು ಓಪನ್‌ಎಸ್‌ಎಸ್‌ಎಲ್ ದಾಖಲೆಯೂ ಹೇಳುತ್ತದೆ. ಸರ್ಟಿಫಿಕೇಟ್ ಸರಪಳಿ, ಕೀಲಿಗಳು, ಅದೂ ಇದೂ ಸೇರಿಸಿ ಉದಾರವಾಗಿ 50 ಕೆಬಿ ಎಂದಿಟ್ಟುಕೊಳ್ಳಿ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಸಂಪರ್ಕ ತೆರೆದು, ಅದರ ಒಂದು ಬೈಟನ್ನೂ ಬಿಡುಗಡೆ ಮಾಡದಿದ್ದರೂ 12 ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ನಿಮ್ಮ 2.4 ಜಿಬಿಗೆ ಅರ್ಧವೂ ಆಗುವುದಿಲ್ಲ.

ನಿಜದಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಹೊಸ ಸಂಪರ್ಕ ತೆರೆಯುವುದೇ ಇಲ್ಲ. ಎಂಜಿನ್‌ಎಕ್ಸ್‌ನ 1.19.10 ಮತ್ತು ನಂತರದ ಆವೃತ್ತಿಗಳಲ್ಲಿ, ಬದಲಾಯಿಸದೆ ಬಿಟ್ಟರೆ, ಒಂದೇ ಸಂಪರ್ಕದ ಮೇಲೆ 1,000 ರಿಕ್ವೆಸ್ಟ್ ಹೋಗಬಹುದು. ಆ ಲೆಕ್ಕದಲ್ಲಿ ಇಡೀ ರಾತ್ರಿಗೆ ನಡೆಯುವ ಹ್ಯಾಂಡ್‌ಶೇಕ್‌ಗಳು (ಹೊಸ ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು ಕೀಲಿ ಗೊತ್ತುಮಾಡಿಕೊಳ್ಳುವ ಮಾತುಕತೆ) ಸುಮಾರು 22. ತಪ್ಪು ಟಿಎಲ್‌ಎಸ್‌ನದೇ ಆಗಿದ್ದರೆ ಒಂದೊಂದು ಹ್ಯಾಂಡ್‌ಶೇಕ್ 110 ಎಂಬಿಗಿಂತ ಹೆಚ್ಚು ನುಂಗಬೇಕು. ಅಂಥದ್ದು ನಡೆಯುವುದಿಲ್ಲ. ನನ್ನ ಊಹೆಯನ್ನೇ ನಂಬಬೇಡಿ, ಸರ್ವರ್‌ನಲ್ಲೇ ಎಣಿಸಿ. ಎಂಜಿನ್‌ಎಕ್ಸ್‌ನ ಆಕ್ಸೆಸ್ ಲಾಗ್‌ಗೆ ಸಂಪರ್ಕದ ಕ್ರಮಸಂಖ್ಯೆ ಮತ್ತು ಆ ಸಂಪರ್ಕದ ಮೇಲೆ ಇದು ಎಷ್ಟನೇ ರಿಕ್ವೆಸ್ಟ್ ಎಂಬ ಎರಡು ವೇರಿಯಬಲ್‌ಗಳನ್ನು ಸೇರಿಸಬಹುದು. ಕ್ರಮಸಂಖ್ಯೆ ಅಪರೂಪಕ್ಕೆ ಬದಲಾಗುತ್ತಿದ್ದರೆ ಟಿಎಲ್‌ಎಸ್ ಮೇಲಿನ ಅನುಮಾನ ಬಹುತೇಕ ಅಲ್ಲಿಗೇ ಮುಗಿಯಿತು. ಪ್ರತಿ ಸಾಲಿನಲ್ಲೂ ಹೊಸ ಸಂಖ್ಯೆ ಬರುತ್ತಿದ್ದರೆ ನಡುವೆ ಯಾವುದೋ ಪ್ರಾಕ್ಸಿ ಅಥವಾ ಸೆಟ್ಟಿಂಗ್ ಸಂಪರ್ಕವನ್ನು ಪ್ರತಿ ಸಲ ಕಡಿಯುತ್ತಿದೆ ಎಂದರ್ಥ. ಲೀಕ್ ಇರಲಿ ಬಿಡಲಿ, ಅದನ್ನಂತೂ ಸರಿಮಾಡಿ.

ಇನ್ನೊಂದು ಸಂಗತಿ ಗಮನಿಸಿ. ರಿಕ್ವೆಸ್ಟ್‌ಗೆ 116 ಕೆಬಿ ಉಳಿಯುತ್ತಿದೆ, ನಿಮ್ಮ ಉತ್ತರದ ಗಾತ್ರ ಸುಮಾರು 100 ಕೆಬಿ. ಇದು ಪುರಾವೆಯಲ್ಲ, ಏಕೆಂದರೆ ಜೇಸನ್ ಅನ್ನು ಪಾರ್ಸ್ ಮಾಡಿದ ಮೇಲೆ ಅದು ಹಿಡಿಯುವ ಜಾಗವೇ ಬೇರೆ. ಆದರೂ ಬಂದ ಡೇಟಾವನ್ನೇ ಯಾರೋ ಹಿಡಿದಿಟ್ಟುಕೊಳ್ಳುತ್ತಿದ್ದಾರೆ ಎಂಬ ಕಡೆಗೆ ಅದು ಬೆರಳು ತೋರಿಸುತ್ತಿದೆ. ನನ್ನ ಮೊದಲ ಅನುಮಾನ ನೀವು ರಾತ್ರಿಯಿಡೀ ತೆರೆದಿಟ್ಟ ಆ ನೆಟ್‌ವರ್ಕ್ ಪ್ಯಾನಲ್ ಮೇಲೇ. ಹಳೆಯ ರಿಕ್ವೆಸ್ಟ್ ಒಂದರ ಮೇಲೆ ಕ್ಲಿಕ್ ಮಾಡಿದರೆ ಅದರ ಉತ್ತರ ಕಾಣಬೇಕಲ್ಲ, ಅದಕ್ಕಾಗಿ ಪ್ಯಾನಲ್ ಆ ಉತ್ತರಗಳನ್ನು ಕೂಡಿಡುತ್ತ ಹೋಗುತ್ತದೆ. ಕನ್ಸೋಲ್ ಕೂಡ ಹಾಗೆಯೇ: ಅಲ್ಲಿ ಬರೆಸಿದ ಆಬ್ಜೆಕ್ಟ್‌ಗಳನ್ನು ಅದು ಜೀವಂತ ಇಟ್ಟುಕೊಳ್ಳುತ್ತದೆ. ಇವತ್ತು ರಾತ್ರಿ ಡೆವಲಪರ್ ಟೂಲ್ಸ್ ಮುಚ್ಚಿ, ಬೇರೇನನ್ನೂ ಬದಲಾಯಿಸದೆ ಓಡಿಸಿ. ಏರಿಕೆ ನಿಂತುಹೋದರೆ ಮುಂದಿನದನ್ನು ಓದುವ ಅಗತ್ಯವೂ ನಿಮಗೆ ಬರಲಿಕ್ಕಿಲ್ಲ.

ನಿಂತುಹೋಗಲಿಲ್ಲ ಎಂದುಕೊಳ್ಳಿ. ಆಗ ಕೇಳಬೇಕಾದ್ದು ಯಾವ ಪ್ರೊಸೆಸ್ ಬೆಳೆಯುತ್ತಿದೆ ಎಂದು. ಬ್ರೌಸರ್ ಇವತ್ತು ಒಂದೇ ಪ್ರೋಗ್ರಾಮ್ ಅಲ್ಲ, ಹಲವು ಪ್ರೊಸೆಸ್‌ಗಳ ಗುಂಪು. ಕಂಪ್ಯೂಟರ್‌ನಲ್ಲಿ ಓಡುವ ಕ್ರೋಮ್‌ನಲ್ಲಿ ಟಿಎಲ್‌ಎಸ್ ಕೆಲಸ ನಡೆಯುವುದು ನೆಟ್‌ವರ್ಕ್ ಸರ್ವಿಸ್ ಎಂಬ ಪ್ರತ್ಯೇಕ ಪ್ರೊಸೆಸ್‌ನಲ್ಲಿ, ಬೋರಿಂಗ್‌ಎಸ್‌ಎಸ್‌ಎಲ್ ಲೈಬ್ರರಿಯ ಮೂಲಕ. ವಿಂಡೋಸ್ ಅಥವಾ ಲಿನಕ್ಸ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಅದರಲ್ಲಿ ಈ ಸಾಲು ಬೇರೆ, ನಿಮ್ಮ ಟ್ಯಾಬಿನ ಸಾಲು ಬೇರೆ. ಫೈರ್‌ಫಾಕ್ಸ್‌ನಲ್ಲಿ ಈ ಕೆಲಸ ಎನ್‌ಎಸ್‌ಎಸ್ ಲೈಬ್ರರಿಯದು, ಸಾಮಾನ್ಯ ಎಚ್‌ಟಿಟಿಪಿಎಸ್ ಸಂಪರ್ಕಗಳು ಇರುವುದು ಮುಖ್ಯ ಪ್ರೊಸೆಸ್‌ನಲ್ಲಿ; ಪುಟಗಳು ಓಡುವುದು ಬೇರೆ ಪ್ರೊಸೆಸ್‌ಗಳಲ್ಲಿ. ಅಲ್ಲಿ 'ಅಬೌಟ್ ಪ್ರೊಸೆಸಸ್' ಪುಟ ಇದನ್ನು ತೋರಿಸುತ್ತದೆ. ಟ್ಯಾಬಿನ ಸಾಲು ಉಬ್ಬುತ್ತಿದ್ದು ನೆಟ್‌ವರ್ಕ್ ಸಾಲು ತಟಸ್ಥವಾಗಿದ್ದರೆ ಟಿಎಲ್‌ಎಸ್ ನಿರಪರಾಧಿ. ಆಪರೇಟಿಂಗ್ ಸಿಸ್ಟಮ್‌ನ ಒಟ್ಟು ಅಂಕಿ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಪ್ರೊಸೆಸ್‌ಗಳು ಹಂಚಿಕೊಂಡ ಮೆಮೊರಿ ಅದರಲ್ಲಿ ಎರಡು ಮೂರು ಸಲ ಎಣಿಕೆಯಾಗಿರಬಹುದು.

ನಿಮ್ಮ ಎಚ್‌ಟಿಟಿಪಿ ಪರೀಕ್ಷೆ ಏಕೆ ಹಾದಿ ತಪ್ಪಿಸಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದೇ ಜಾಗದಲ್ಲಿ ಅನುಭವಿಗಳೂ ಎಡವುತ್ತಾರೆ. ಮೊದಲನೆಯದಾಗಿ ಅದು ಒಂದೇ ಗಂಟೆಯದು. ಅದೇ ವೇಗದ ಲೀಕ್ ಇದ್ದಿದ್ದರೂ ಗಂಟೆಗೆ 200 ಎಂಬಿ. ಬೇಡವಾದ ಮೆಮೊರಿಯನ್ನು ಬ್ರೌಸರ್ ಆಗಾಗ ಗುಡಿಸಿ ಹಾಕುವ ಗಾರ್ಬೇಜ್ ಕಲೆಕ್ಷನ್‌ನ ಏರಿಳಿತದಲ್ಲಿ ಅಷ್ಟು ಮರೆಯಾಗಬಹುದು. ಅದರ ಮೇಲೆ ಡೇಟಾ ಚಿಕ್ಕದು. ಇದಕ್ಕಿಂತ ಮುಖ್ಯವಾದ ಸಂಗತಿ: ವಿಳಾಸದಿಂದ 'ಎಸ್' ತೆಗೆದಾಗ ಗೂಢಲಿಪೀಕರಣವೊಂದೇ ಹೋಗುವುದಿಲ್ಲ. ಪ್ರಮುಖ ಬ್ರೌಸರ್‌ಗಳು ಎಚ್‌ಟಿಟಿಪಿ/2 ಅನ್ನು ಟಿಎಲ್‌ಎಸ್ ಮೇಲೆ ಮಾತ್ರ ಬಳಸುತ್ತವೆ, ಆದ್ದರಿಂದ ನೀವು ತಿಳಿಯದೆಯೇ ಎಚ್‌ಟಿಟಿಪಿ/1.1ಕ್ಕೆ ಇಳಿದಿರಿ. ಎಚ್‌ಟಿಟಿಪಿ/3ಕ್ಕಂತೂ ಟಿಎಲ್‌ಎಸ್ 1.3 ಕಡ್ಡಾಯ. ಬ್ರಾಟ್ಲಿ ಸಂಕೋಚನ ಹೋಯಿತು. ಪುಟದ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್ ಆದ ಸರ್ವಿಸ್ ವರ್ಕರ್ ಕೂಡ ಹೋಯಿತು; ಅದು ಎಚ್‌ಟಿಟಿಪಿಎಸ್‌ನಲ್ಲಿ ಅಥವಾ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಓಡುತ್ತದೆ, ನೀವು ಪರೀಕ್ಷಿಸಿದ್ದು ಬೇರೆ ಯಂತ್ರದಿಂದ. ಕೆಲವು ಆಂಟಿವೈರಸ್‌ಗಳು ಎಚ್‌ಟಿಟಿಪಿಎಸ್ ಸಂಪರ್ಕವನ್ನು ನಡುವೆ ಬಿಚ್ಚಿ ನೋಡಲು ಹಾಕಿಕೊಂಡ ಕೊಂಡಿಯೂ ಆಗ ಕೆಲಸ ಮಾಡಿರುವುದಿಲ್ಲ. ಇಷ್ಟೆಲ್ಲ ಒಟ್ಟಿಗೆ ಬದಲಾದ ಮೇಲೆ ಟಿಎಲ್‌ಎಸ್ ಒಂದರ ಮೇಲೆ ಅಪರಾಧ ಹೊರಿಸಲು ಆಧಾರವಿಲ್ಲ.

ಸರಿಯಾದ ಪರೀಕ್ಷೆ ಎಂದರೆ ಟಿಎಲ್‌ಎಸ್ ಅನ್ನು ಹಾಗೆಯೇ ಬಿಟ್ಟು ಉಳಿದವನ್ನು ಒಂದೊಂದಾಗಿ ಕಳಚುವುದು. ಫೈರ್‌ಫಾಕ್ಸ್‌ನ 'ಅಬೌಟ್ ಕಾನ್ಫಿಗ್'ನಲ್ಲಿ ಎಚ್‌ಟಿಟಿಪಿ/2 ಮತ್ತು ಎಚ್‌ಟಿಟಿಪಿ/3 ಎರಡನ್ನೂ ಪ್ರತ್ಯೇಕವಾಗಿ ಆಫ್ ಮಾಡಬಹುದು. ಕ್ರೋಮ್‌ನಲ್ಲಿ ಶುರು ಮಾಡುವಾಗ ಕೊಡುವ ಆಯ್ಕೆಗಳಿಂದ ಸಾಧ್ಯ. ಸರ್ವಿಸ್ ವರ್ಕರ್ ಅನ್ನು ನೋಂದಣಿಯಿಂದ ತೆಗೆಯಿರಿ. ಹೊಸ ಪ್ರೊಫೈಲ್ ತೆರೆದು, ಎಕ್ಸ್‌ಟೆನ್ಷನ್ ಒಂದೂ ಇಲ್ಲದೆ ಓಡಿಸಿ. ಆಂಟಿವೈರಸ್ ನಡುವೆ ಕೈಯಾಡಿಸುತ್ತಿದೆಯೇ ಎಂದು ತಿಳಿಯಲು ಸರ್ಟಿಫಿಕೇಟ್ ತೆರೆದು ಅದನ್ನು ಕೊಟ್ಟವರ ಹೆಸರು ನೋಡಿದರೆ ಸಾಕು. ಅಲ್ಲಿ ನಿಮ್ಮ ನಿಜವಾದ ಪ್ರಮಾಣಪತ್ರ ಸಂಸ್ಥೆಯ ಬದಲು ಆಂಟಿವೈರಸ್‌ನ ಹೆಸರಿದ್ದರೆ ಉತ್ತರ ಸಿಕ್ಕಿತು. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್‌ನ 'ಅಬೌಟ್ ಥರ್ಡ್-ಪಾರ್ಟಿ' ಪುಟ, ಹೊರಗಿನ ಯಾವ ಯಾವ ಫೈಲ್‌ಗಳು ಬ್ರೌಸರ್‌ನೊಳಗೆ ಬಂದು ಕೂತಿವೆ ಎಂಬುದನ್ನೂ ಪಟ್ಟಿ ಮಾಡುತ್ತದೆ.

ಇದರ ಜೊತೆಗೆ ನಾನು ತುಂಬ ನೆಚ್ಚುವ ವಿಧಾನ ಒಂದಿದೆ: ಏರಿಕೆ ಯಾವುದರ ಜೊತೆ ಹೆಜ್ಜೆ ಹಾಕುತ್ತಿದೆ ಎಂದು ನೋಡುವುದು. ಪರೀಕ್ಷಾ ಸರ್ವರ್‌ನಲ್ಲಿ ಎಚ್‌ಟಿಟಿಪಿ/2 ಆಫ್ ಮಾಡಿ, ರಿಕ್ವೆಸ್ಟ್ ಮುಗಿದ ಮೇಲೂ ಸಂಪರ್ಕವನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂದು ಹೇಳುವ ಕೀಪ್‌ಅಲೈವ್ ಟೈಮ್‌ಔಟ್ ಅನ್ನು 0 ಮಾಡಿ. ಈಗ ಗಂಟೆಗೆ 1,800 ಹೊಸ ಟಿಎಲ್‌ಎಸ್ ಸಂಪರ್ಕಗಳು. ಏರಿಕೆಯ ವೇಗ ಮೊದಲಿನಷ್ಟೇ ಇದ್ದರೆ ಲೀಕ್‌ಗೂ ಹ್ಯಾಂಡ್‌ಶೇಕ್‌ಗೂ ಸಂಬಂಧವಿಲ್ಲ. ಆಮೇಲೆ ಕೀಪ್‌ಅಲೈವ್ ಮರಳಿಸಿ, ಉತ್ತರದ ಗಾತ್ರವನ್ನು 10 ಕೆಬಿಗೆ ಇಳಿಸಿ. ವೇಗ ಹತ್ತನೇ ಒಂದಕ್ಕೆ ಇಳಿದರೆ ಹಿಡಿದಿಟ್ಟಿರುವುದು ಡೇಟಾವನ್ನೇ. ಗಾತ್ರ ಇಳಿಸಿದರೂ ವೇಗ ಇಳಿಯಲಿಲ್ಲ, ಆದರೆ ರಿಕ್ವೆಸ್ಟ್‌ಗಳ ನಡುವಿನ ಅಂತರ ಹೆಚ್ಚಿಸಿದಾಗ ಇಳಿಯಿತು ಎಂದರೆ ಪ್ರತಿ ಸಲ ಸೃಷ್ಟಿಯಾಗುವ ಯಾವುದೋ ವಸ್ತು ಉಳಿಯುತ್ತಿದೆ. ಡ್ಯಾಶ್‌ಬೋರ್ಡ್‌ಗಳಲ್ಲಿ ನಾನು ಹೆಚ್ಚಾಗಿ ಕಂಡಿರುವ ಕಾರಣ ಇದೇ: ಪ್ರತಿ ಅಪ್‌ಡೇಟ್‌ಗೂ ಹೊಸ ಚಾರ್ಟ್ ಕಟ್ಟುವುದು, ಹಳೆಯದನ್ನು ಕಣ್ಣಿಗೆ ಕಾಣದಂತೆ ಮಾಡುವುದು, ಆದರೆ ನಾಶ ಮಾಡದಿರುವುದು. ಹಿಂದಿನ ಎಲ್ಲ ಮಾದರಿಗಳನ್ನೂ ಮಿತಿಯೇ ಇಲ್ಲದ ಒಂದು ಅರೇಗೆ ತುಂಬುತ್ತ ಹೋಗುವುದು ಎರಡನೆಯದು. ಕೆಲವು ನಿಮಿಷಗಳ ಅಂತರದಲ್ಲಿ ಮೂರು ಹೀಪ್ ಸ್ನ್ಯಾಪ್‌ಶಾಟ್ (ಪುಟದ ಮೆಮೊರಿಯಲ್ಲಿ ಆ ಕ್ಷಣ ಏನೇನಿದೆ ಎಂಬ ಚಿತ್ರ) ತೆಗೆದು ಹೋಲಿಸಿದರೆ ಈ ಎರಡೂ ಸಿಕ್ಕಿಬೀಳುತ್ತವೆ. ಅಷ್ಟು ಹೊತ್ತು ಮಾತ್ರ ಡೆವಲಪರ್ ಟೂಲ್ಸ್ ತೆರೆಯಿರಿ.

ಹಾಗಂತ ಟಿಎಲ್‌ಎಸ್ ಪದರದಲ್ಲಿ ಲೀಕ್ ಆಗುವುದೇ ಇಲ್ಲ ಎನ್ನುತ್ತಿಲ್ಲ. ಆಗುತ್ತದೆ, ಮತ್ತು ಆದಾಗ ಅದಕ್ಕೆ ತನ್ನದೇ ಚಹರೆ ಇರುತ್ತದೆ. ಈ ಲೈಬ್ರರಿಗಳು ಸಿ ಮತ್ತು ಅದರ ಬಳಗದ ಭಾಷೆಗಳಲ್ಲಿ ಬರೆದವು. ಸರ್ಟಿಫಿಕೇಟ್, ಸೆಷನ್, ಕೀಲಿ ಮುಂತಾದವನ್ನು ಹಲವು ಭಾಗಗಳು ಒಟ್ಟಿಗೆ ಬಳಸುವುದರಿಂದ ಪ್ರತಿಯೊಂದಕ್ಕೂ ರೆಫರೆನ್ಸ್ ಕೌಂಟ್ ಇರುತ್ತದೆ: ಬಳಸುವವರು ಬಂದಾಗ ಒಂದು ಕೂಡುವುದು, ಹೋದಾಗ ಒಂದು ಕಳೆಯುವುದು, ಸೊನ್ನೆಯಾದಾಗ ಬಿಡುಗಡೆ. ಒಬ್ಬರು ಕಳೆಯಲು ಮರೆತರೂ ಆ ವಸ್ತು ಎಂದೆಂದಿಗೂ ಉಳಿಯುತ್ತದೆ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಎದುರಿನವರ ಸರ್ಟಿಫಿಕೇಟ್ ಕೇಳುವ ಹಳೆಯ ಫಂಕ್ಷನ್ ಸದ್ದಿಲ್ಲದೆ ಕೌಂಟ್ ಏರಿಸಿ ಕೊಡುತ್ತಿತ್ತು. ಕೇಳಿದವರು ಮುಗಿದ ಮೇಲೆ ಬಿಡುಗಡೆ ಮಾಡಬೇಕು ಎಂಬುದು ಹೆಸರಿನಿಂದ ಗೊತ್ತಾಗುತ್ತಿರಲಿಲ್ಲ. 2021ರ 3.0 ಆವೃತ್ತಿಯಲ್ಲಿ ಅದನ್ನು ಎರಡಾಗಿ ಒಡೆದು, ಕೌಂಟ್ ಏರಿಸುವುದಕ್ಕೆ 'ಗೆಟ್1', ಏರಿಸದಿರುವುದಕ್ಕೆ 'ಗೆಟ್0' ಎಂದು ಹೆಸರಿನಲ್ಲೇ ಗುರುತು ಹಾಕಿದರು. ಈ ಬಗೆಯ ತಪ್ಪು ಎಷ್ಟು ಸುಲಭವಾಗಿ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎಲ್ಲವೂ ಸುಸೂತ್ರವಾಗಿ ನಡೆಯುವ ದಾರಿಯಲ್ಲಿ ಇಂಥ ತಪ್ಪು ಬಹಳ ದಿನ ಬದುಕುವುದಿಲ್ಲ. ಕೋಟ್ಯಂತರ ಜನ ದಿನವೂ ಅದೇ ದಾರಿಯಲ್ಲಿ ಓಡಾಡುತ್ತಾರೆ, ಯಾರಾದರೂ ಹಿಡಿಯುತ್ತಾರೆ. ತಪ್ಪು ಅಡಗುವುದು ವಿಫಲವಾಗುವ ದಾರಿಗಳಲ್ಲಿ: ಹ್ಯಾಂಡ್‌ಶೇಕ್ ಅರ್ಧಕ್ಕೆ ನಿಂತಾಗ, ಸರ್ಟಿಫಿಕೇಟ್ ಅವಧಿ ಮುಗಿದಿದ್ದಾಗ, ಪರಿಶೀಲನೆ ನಡೆಯುತ್ತಿರುವಾಗಲೇ ಟ್ಯಾಬ್ ಮುಚ್ಚಿದಾಗ. ಆದ್ದರಿಂದ ನಿಮ್ಮ ಪುಟದಲ್ಲಿ ವೆಬ್‌ಸಾಕೆಟ್ (ಸರ್ವರ್ ಜೊತೆ ಸದಾ ತೆರೆದಿಡುವ ಸಂಪರ್ಕ) ಇದೆಯೇ, ಅದು ಅವಧಿ ಮೀರಿದ ಸರ್ಟಿಫಿಕೇಟ್ ಇರುವ ಯಾವುದಾದರೂ ವಿಳಾಸಕ್ಕೆ ಸೆಕೆಂಡಿಗೊಮ್ಮೆ ಬಡಿದು ವಾಪಸಾಗುತ್ತಿದೆಯೇ ನೋಡಿ. ಹಾಗೆ ಆಗುತ್ತಿದ್ದರೆ ದಿನಕ್ಕೆ 86,400 ವಿಫಲ ಹ್ಯಾಂಡ್‌ಶೇಕ್‌ಗಳು. ಅಲ್ಲಿ ಒಂದೊಂದಕ್ಕೆ ಕೆಲವೇ ಕೆಬಿ ಉಳಿದರೂ ಮೊತ್ತ ದೊಡ್ಡದು, ಮೇಲಿನ ನನ್ನ ಲೆಕ್ಕಾಚಾರವೂ ತಲೆಕೆಳಗಾಗುತ್ತದೆ.

ಲೀಕ್‌ನಂತೆ ಕಾಣುವ ಕ್ಯಾಶ್‌ಗಳೂ ಇವೆ. ಮುಂದಿನ ಸಲ ಬೇಗ ಸಂಪರ್ಕವಾಗಲಿ ಎಂದು ಬ್ರೌಸರ್ ಸೆಷನ್ ಟಿಕೆಟ್‌ಗಳನ್ನು ಇಟ್ಟುಕೊಳ್ಳುತ್ತದೆ, ಟಿಎಲ್‌ಎಸ್ 1.3ರ ಪ್ರಕಾರ ಒಂದು ಟಿಕೆಟ್‌ನ ಆಯುಷ್ಯ 7 ದಿನ ಮೀರುವಂತಿಲ್ಲ. ಎನ್‌ಎಸ್‌ಎಸ್ ಬಳಸಿ ಪ್ರೋಗ್ರಾಮ್ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು: ಸೆಷನ್ ಕ್ಯಾಶ್ ಖಾಲಿ ಮಾಡದೆ ಲೈಬ್ರರಿ ಮುಚ್ಚಲು ಹೋದರೆ, ಕ್ಯಾಶ್‌ನೊಳಗಿನ ಸೆಷನ್‌ಗಳು ಸರ್ಟಿಫಿಕೇಟ್‌ಗಳನ್ನು ಹಿಡಿದುಕೊಂಡಿರುವುದರಿಂದ 'ಬ್ಯುಸಿ' ಎಂಬ ದೋಷ ಬರುತ್ತದೆ. ಕ್ಯಾಶ್ ಒಂದು ಮಟ್ಟಕ್ಕೆ ಏರಿ ನಿಲ್ಲುತ್ತದೆ, ಲೀಕ್ ನಿಲ್ಲುವುದಿಲ್ಲ. ಕ್ರೋಮ್‌ನ 'ನೆಟ್-ಇಂಟರ್ನಲ್ಸ್' ಪುಟದಲ್ಲಿ ಸಾಕೆಟ್‌ಗಳನ್ನೆಲ್ಲ ಮುಚ್ಚಿಸುವ ಬಟನ್ ಇದೆ. ಫೈರ್‌ಫಾಕ್ಸ್‌ನ 'ಅಬೌಟ್ ಮೆಮೊರಿ'ಯಲ್ಲಿ ಬಳಕೆಯನ್ನು ಕನಿಷ್ಠಕ್ಕಿಳಿಸುವ ಬಟನ್ ಇದೆ. ಒತ್ತಿದ ಮೇಲೆ ಮೆಮೊರಿ ಇಳಿದರೆ ಅದನ್ನು ಹಿಡಿದವರಿಗೆ ಬಿಡುವುದೂ ಗೊತ್ತಿತ್ತು ಎಂದಾಯಿತು. ಇಳಿಯದಿದ್ದರೆ ಮಾತ್ರ ಕೂಡಲೇ ಲೀಕ್ ಎನ್ನಬೇಡಿ, ಮೆಮೊರಿ ಹಂಚುವ ಭಾಗವಾದ ಅಲೊಕೇಟರ್ ಖಾಲಿ ಜಾಗವನ್ನು ಆಪರೇಟಿಂಗ್ ಸಿಸ್ಟಮ್‌ಗೆ ತಕ್ಷಣ ಕೊಡದೆ ಇಟ್ಟುಕೊಂಡಿರಲೂಬಹುದು.

ಈಗ ಪರಿಹಾರಗಳ ವಿಷಯ. ಸಹೋದ್ಯೋಗಿ ಹೇಳಿದ ಎರಡನ್ನೂ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಸರ್ಟಿಫಿಕೇಟ್ ಪರಿಶೀಲನೆ ಆಫ್ ಮಾಡಿದರೆ ಮೆಮೊರಿಯೂ ಉಳಿಯುವುದಿಲ್ಲ: ಸರ್ವರ್ ಸರ್ಟಿಫಿಕೇಟ್ ಕಳಿಸಿಯೇ ಕಳಿಸುತ್ತದೆ, ಬ್ರೌಸರ್ ಅದನ್ನು ಬಿಚ್ಚಿ ಓದಿಯೇ ಓದುತ್ತದೆ, ಹೋಗುವುದು ಎದುರಿಗಿರುವುದು ನಿಮ್ಮ ಸರ್ವರ್ ಹೌದೋ ಅಲ್ಲವೋ ಎಂಬ ಖಾತ್ರಿ ಮಾತ್ರ. ಎಚ್‌ಟಿಟಿಪಿಗೆ ಇಳಿಯುವುದಂತೂ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಒಳಗಿನ ನೆಟ್‌ವರ್ಕ್ ಎಂಬುದು ರಕ್ಷಣೆಯಲ್ಲ. ಅಲ್ಲಿ ಸೋಂಕು ತಗುಲಿದ ಒಂದೇ ಒಂದು ಯಂತ್ರ ನಿಮ್ಮ ಲಾಗಿನ್ ಕುಕಿಯನ್ನು ಓದಿಕೊಳ್ಳಬಲ್ಲದು. ಹಳೆಯ ಟಿಎಲ್‌ಎಸ್ 1.0 ಅಥವಾ 1.1ಕ್ಕೆ ಮರಳುವ ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು. 2021ರ ಮಾರ್ಚ್‌ನಲ್ಲೇ ಅವೆರಡನ್ನೂ ಅಧಿಕೃತವಾಗಿ ಕೈಬಿಡಲಾಗಿದೆ, ಅದರಿಂದ ಮೆಮೊರಿಗೂ ಲಾಭವಿಲ್ಲ.

ತಾತ್ಕಾಲಿಕವಾಗಿ ಪುಟವನ್ನು ಕೆಲವು ಗಂಟೆಗೊಮ್ಮೆ ತಾನಾಗಿ ರೀಲೋಡ್ ಆಗುವಂತೆ ಮಾಡುವುದು ತಪ್ಪೇನಲ್ಲ. ಅದೇ ಒಂದು ಪರೀಕ್ಷೆಯೂ ಹೌದು: ರೀಲೋಡ್ ಆದೊಡನೆ ಮೆಮೊರಿ ಇಳಿದರೆ ತಪ್ಪು ಪುಟದ್ದೇ ಇರುವ ಸಾಧ್ಯತೆ ಹೆಚ್ಚು, ಪುಟದ ಜಾವಾಸ್ಕ್ರಿಪ್ಟ್ ಹೋದ ಮಾತ್ರಕ್ಕೆ ಟಿಎಲ್‌ಎಸ್ ಲೈಬ್ರರಿಯ ಲೀಕ್ ತೊಳೆದುಹೋಗುವುದಿಲ್ಲ. ತೊಂದರೆ ಏನೆಂದರೆ ರೀಲೋಡ್ ಸಾಕ್ಷ್ಯವನ್ನೂ ಅಳಿಸುತ್ತದೆ, ಆದ್ದರಿಂದ ಅದಕ್ಕೆ ಮುನ್ನ ಪ್ರೊಸೆಸ್‌ವಾರು ಅಂಕಿಗಳನ್ನು ಬರೆದಿಡಿ. ಆಂಟಿವೈರಸ್ ಕಾರಣವೆಂದು ಸಾಬೀತಾದರೆ ಅದನ್ನು ಪೂರ್ತಿ ಆಫ್ ಮಾಡದೆ ಈ ಒಂದು ವಿಳಾಸಕ್ಕೆ ಮಾತ್ರ ವಿನಾಯಿತಿ ಕೊಡಿ. ಎಚ್‌ಟಿಟಿಪಿ/2 ಆಫ್ ಮಾಡಿದ್ದು ಪರೀಕ್ಷೆಗಾಗಿ, ಮುಗಿದ ಮೇಲೆ ಮರಳಿ ಹಾಕಲು ಮರೆಯಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ನೆಟ್‌ವರ್ಕ್ ಪ್ರೊಸೆಸ್ಸೇ ಉಬ್ಬುತ್ತಿದೆ, ಹ್ಯಾಂಡ್‌ಶೇಕ್ ಹೆಚ್ಚಿಸಿದಾಗ ವೇಗವೂ ಹೆಚ್ಚುತ್ತದೆ ಎಂದು ಕಂಡರೆ ನಿಮ್ಮ ಮೊದಲ ಅನುಮಾನವೇ ನಿಜ. ಆಗ ಬ್ರೌಸರ್ ತಯಾರಕರಿಗೆ ದೂರು ಸಲ್ಲಿಸಿ. ಫೈರ್‌ಫಾಕ್ಸ್ ಆದರೆ 'ಅಬೌಟ್ ಮೆಮೊರಿ'ಯಲ್ಲಿ ರಾತ್ರಿ ಒಂದು, ಬೆಳಿಗ್ಗೆ ಒಂದು ವರದಿ ಉಳಿಸಿ. ಎರಡರ ವ್ಯತ್ಯಾಸ ತೋರಿಸುವ ಸೌಲಭ್ಯ ಅಲ್ಲೇ ಇದೆ. ಮುಖ್ಯ ಪ್ರೊಸೆಸ್‌ನಲ್ಲಿ 'ಹೀಪ್-ಅನ್‌ಕ್ಲಾಸಿಫೈಡ್' ಸಾಲು ಬೆಳೆದಿದ್ದರೆ ಅದನ್ನು ಎತ್ತಿ ಹೇಳಿ. ಯಾವ ಭಾಗವೂ ತನ್ನದೆಂದು ಲೆಕ್ಕ ಕೊಡದ ಮೆಮೊರಿ ಬಂದು ಸೇರುವುದು ಅಲ್ಲಿಗೆ. ಕ್ರೋಮ್ ಆದರೆ 'ನೆಟ್-ಎಕ್ಸ್‌ಪೋರ್ಟ್' ಪುಟದಿಂದ ನೆಟ್‌ವರ್ಕ್ ಲಾಗ್ ತೆಗೆಯಿರಿ.

ಪಾಸ್‌ವರ್ಡ್ ಬಗೆಗಿನ ನಿಮ್ಮ ಭಯಕ್ಕೆ ನಿಜವಾಗಿ ಆಧಾರ ಇರುವುದು ಈ ಹಂತದಲ್ಲಿ. ಮೆಮೊರಿ ವರದಿಯಲ್ಲಿ ನೀವು ತೆರೆದ ವಿಳಾಸಗಳಿರುತ್ತವೆ, ಅದಕ್ಕೆ ಅನಾಮಧೇಯಗೊಳಿಸುವ ಆಯ್ಕೆಯನ್ನು ಗುರುತು ಹಾಕಿಕೊಳ್ಳಿ. ನೆಟ್‌ವರ್ಕ್ ಲಾಗ್ ತೆಗೆಯುವಾಗ ಖಾಸಗಿ ಮಾಹಿತಿ ಕಳೆಯುವ ಆಯ್ಕೆಯನ್ನೇ ಇಟ್ಟುಕೊಳ್ಳಿ. ಕುಕಿಗಳನ್ನೂ ಸೇರಿಸುವ ಆಯ್ಕೆಯನ್ನು ಆರಿಸಬೇಡಿ. ಪೂರ್ತಿ ಪ್ರೊಸೆಸ್ ಡಂಪ್ ಕಳಿಸಿ ಎಂದು ಯಾರಾದರೂ ಕೇಳಿದರೆ ಸಾರ್ವಜನಿಕ ಜಾಗದಲ್ಲಿ ಖಂಡಿತ ಹಾಕಬೇಡಿ, ಆ ಫೈಲ್‌ನಲ್ಲಿ ಪಾಸ್‌ವರ್ಡ್, ಕುಕಿ, ಸೆಷನ್ ಕೀಲಿ ಎಲ್ಲವೂ ಇರಬಹುದು. ನೆಟ್‌ವರ್ಕ್ ಸಂಚಾರ ಸೆರೆಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ನೋಡಲೆಂದು ಟಿಎಲ್‌ಎಸ್ ಕೀಲಿಗಳನ್ನು ಫೈಲ್‌ಗೆ ಬರೆಸುವ ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿಕೊಂಡಿದ್ದರೆ, ಕೆಲಸ ಮುಗಿದ ತಕ್ಷಣ ವೇರಿಯಬಲ್ ತೆಗೆದು ಫೈಲ್ ಅಳಿಸಿ. ಆ ಫೈಲ್ ಸಿಕ್ಕವರು, ಅಷ್ಟು ಹೊತ್ತಿನ ನಿಮ್ಮ ಸಂಪರ್ಕಗಳನ್ನು ಸೆರೆಹಿಡಿದಿಟ್ಟುಕೊಂಡಿದ್ದರೆ, ಎಲ್ಲವನ್ನೂ ಬಿಚ್ಚಿ ಓದಬಲ್ಲರು.